ಎಂಟು ಚೀಟಿ, ಐದು ಚೀಲ

ಪುರಸಭೆಯ ಸ್ಟೋರಿಗೆ ನಾನೂರು ಜೊತೆ ಗ್ಲೌಸು ಬಂದಿಳಿದ ದಿನ ಷಮೀಮ್ ಮೊದಲ ಪೆಟ್ಟಿಗೆಯಿಂದ ಒಂದು ಜೊತೆ ತೆಗೆದು ತನ್ನ ಕೈಗೇ ಹಾಕಿಕೊಂಡು ನೋಡಿದಳು. ಬೆರಳು ಮಡಿಸಿದ್ದಷ್ಟೇ, ಹೆಬ್ಬೆರಳಿನ ಬುಡದಲ್ಲಿ ರಬ್ಬರು ಬಿರಿದು ಉಗುರು ಆಚೆ ಬಂತು. ಎರಡನೆಯ ಜೊತೆಯೂ ಹಾಗೇ ಆಯಿತು. ಮೂರನೆಯದನ್ನು ಬೆಳಕಿಗೆ ಹಿಡಿದಳು. ಅದರ ಮೂಲಕ ಕಿಟಕಿಯ ಸರಳುಗಳನ್ನು ಎಣಿಸಬಹುದಿತ್ತು.

ಇವು ಪೌರಕಾರ್ಮಿಕರ ಕೈಗೆ ಹೋಗಬೇಕಾದವು. ಒಡೆದ ಬಾಟಲಿ, ಯಾರೋ ಕದ್ದು ಎಸೆದ ಇಂಜೆಕ್ಷನ್ ಸೂಜಿ, ಕೋಳಿ ಅಂಗಡಿಯ ಕರುಳು ಎಲ್ಲವೂ ಒಂದೇ ಗಾಡಿಗೆ ಬೀಳುವ ಊರು ಅದು.

ಷಮೀಮ್ ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುವ ಸ್ಟೋರ್ ಗುಮಾಸ್ತೆ. ರೇಷ್ಮೆ ಗೂಡನ್ನು ಮುಟ್ಟಿ ದರ ಹೇಳುವವರ ಮನೆಯಲ್ಲಿ ಬೆಳೆದವಳು. ಯಾವ ಮಾಲು ಕಂಡರೂ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಆದರೆ ಅವಳು ಸಹಿ ಹಾಕಬೇಕಿದ್ದ ಕಾಗದದಲ್ಲಿ ಕೈಗೆ ಜಾಗವಿರಲಿಲ್ಲ. ‘ಸರಬರಾಜಾದ ಸಾಮಗ್ರಿಯು ಮೊಹರು ಮಾಡಿದ ಮಾದರಿಗೆ ಅನುಗುಣವಾಗಿದೆ’ ಎಂಬ ಒಂದೇ ಸಾಲು, ಕೆಳಗೆ ಮೂರು ಸಹಿಗೆ ಜಾಗ. ಮುಖ್ಯಾಧಿಕಾರಿಗಳು ಆ ದಿನ ಚಿಕ್ಕಬಳ್ಳಾಪುರದ ಮೀಟಿಂಗಿಗೆ ಹೋಗಿದ್ದರು. ಮಾಲನ್ನು ಕಣ್ಣಲ್ಲೂ ನೋಡಿರದ ಅವರ ಸಹಿ ಹಿಂದಿನ ದಿನವೇ ಬಿದ್ದಿತ್ತು. ಹೆಲ್ತ್ ಇನ್ಸ್‌ಪೆಕ್ಟರ್ ನರಸಿಂಹಮೂರ್ತಿಯ ಸಹಿಯೂ ಇತ್ತು.

“ಏನ್ ಮೇಡಂ, ಇನ್ನೂ ಸೈನ್ ಆಗಿಲ್ವಾ?” ಎನ್ನುತ್ತಾ ನರಸಿಂಹಮೂರ್ತಿ ಒಳಗೆ ಬಂದ. ಹಿಂದೆಯೇ ಮಾಲು ಕೊಟ್ಟ ಕಂಟ್ರಾಕ್ಟರ್ ಮೋಹನ್‌ಬಾಬು, ಕೈಯಲ್ಲಿ ಎಲ್ಲರಿಗೂ ಎಳನೀರು.

“ಸರ್, ಇದು ನಾವು ಒಪ್ಪಿದ ಮಾಲಲ್ಲ.”

“ಅಂಗನ್ನೋಕೆ ನಾವ್ಯಾರು? ಸ್ಯಾಂಪಲ್ ಹೇಳ್ಬೇಕು. ಬನ್ನಿ, ಬಿಚ್ಚಣ. ರೂಲ್ ಅಂದ್ರೆ ರೂಲ್.”

ಬೀರುವಿನಿಂದ ಮೋಹನ್‌ಬಾಬುವಿನ ಮಾದರಿಯಿದ್ದ ಬಟ್ಟೆಯ ಚೀಲ ಹೊರಬಂತು. ಗಂಟಿನ ಮೇಲೆ ಅರಗಿನ ಮುದ್ರೆ ಒಂದಿಷ್ಟೂ ಬಿರಿದಿರಲಿಲ್ಲ. ಚೀಟಿಯ ಮೇಲೆ ಷಮೀಮಳ ಸಹಿ, ಅನುಮಾನವೇ ಇಲ್ಲದ ಹಾಗೆ ಅವಳದೇ. ನರಸಿಂಹಮೂರ್ತಿ ಬ್ಲೇಡಿನಿಂದ ದಾರ ಕೊಯ್ದ. ಒಳಗಿದ್ದದ್ದು ಅದೇ ತೆಳು ಗ್ಲೌಸು.

ಅವಳಿಗೆ ಎಂಟು ತಿಂಗಳ ಹಿಂದಿನ ಸಂಜೆ ನೆನಪಿಗೆ ಬಂತು. ಟೆಂಡರು ಹಾಕಿದ್ದವರು ಐದು ಜನ. ಒಬ್ಬೊಬ್ಬರಿಂದ ಎರಡೆರಡು ಜೊತೆ. ಒಂದನ್ನು ಮೊಹರು ಮಾಡಿ ಇಡುವುದು, ಇನ್ನೊಂದನ್ನು ಪೌರಕಾರ್ಮಿಕರಿಗೆ ಕೊಟ್ಟು ಬಳಸಿ ನೋಡುವುದು. “ನಿಮ್ ಬಸ್ಸು ಹೋಗ್ಬಿಡುತ್ತೆ ಮೇಡಂ, ಚೀಟಿಗೆ ಸೈನ್ ಹಾಕ್ಬಿಟ್ಟು ಹೊರಡಿ. ಅರಗು ನಾನ್ ಹಾಕಿಸ್ತೀನಿ” ಎಂದಿದ್ದ ನರಸಿಂಹಮೂರ್ತಿ. ಒಂದೆರಡು ಕೆಟ್ಟರೆ ಇರಲಿ ಎಂದು ಎಂಟು ಖಾಲಿ ಚೀಟಿ ಮುಂದಿಟ್ಟಿದ್ದ. ಎಂಟಕ್ಕೂ ಸಹಿ ಹಾಕಿ ಅವಳು ಬಸ್ಸು ಹಿಡಿದಿದ್ದಳು. ಉಳಿದ ಮೂರನ್ನು ಆಮೇಲೆ ಕೇಳಲಿಲ್ಲ.

ಷಮೀಮ್ ಹೊರಗೆ ಹೋಗಿ ಪೌರಕಾರ್ಮಿಕರಲ್ಲೊಬ್ಬಳಾದ ಗಂಗುಲಮ್ಮನನ್ನು ಕರೆತಂದಳು. ಅಂದು ಮೋಹನ್‌ಬಾಬು ಕೊಟ್ಟಿದ್ದ ಗ್ಲೌಸನ್ನು ಬಳಸಿ ನೋಡಿ ಚೆನ್ನಾಗಿದೆ ಎಂದಿದ್ದವಳು ಅವಳೇ. ಅದೇ ಜೊತೆ ಇವತ್ತೂ ಅವಳ ಸೊಂಟದಲ್ಲಿ ಸಿಕ್ಕಿಸಿತ್ತು. ಬಣ್ಣ ಹೋಗಿತ್ತು, ನಾತ ಹೊಡೆಯುತ್ತಿತ್ತು, ಆದರೆ ಒಂದು ತೂತಿರಲಿಲ್ಲ.

“ಇದು ಅಸಲಿ ಸ್ಯಾಂಪಲ್ ಸರ್. ಮುಟ್ಟಿ ನೋಡಿ.”

ನರಸಿಂಹಮೂರ್ತಿ ಮೂಗು ಮುಚ್ಚಿಕೊಂಡ. “ಬಳಸಿದ್ ಮಾಲು ಸ್ಯಾಂಪಲ್ ಆಗಲ್ಲ ಮೇಡಂ. ಮೊಹರಿಲ್ಲ, ಚೀಟಿಯಿಲ್ಲ. ಇದನ್ನ ಯಾವ್ ಆಡಿಟ್ನೋರು ಒಪ್ತಾರೆ? ದೂರ ಇಡು ಗಂಗುಲಮ್ಮ ಅದನ್ನ.”

ಮೋಹನ್‌ಬಾಬು ನಕ್ಕ. “ನಮ್ ಗ್ಲೌಸು ಎಂಟು ತಿಂಗಳು ಬಾಳಿಕೆ ಬಂದಿದೆ ಅಂದ್ರೆ ಒಂದು ಸರ್ಟಿಫಿಕೇಟ್ ಬರ್ಕೊಡಿ ಮೇಡಂ. ಚಿಂತಾಮಣಿಲೂ ಟೆಂಡರ್ ಹಾಕಿದೀನಿ.”

ನರಸಿಂಹಮೂರ್ತಿಯೂ ನಕ್ಕು, ಪೆನ್ನನ್ನು ಅವಳತ್ತ ತಳ್ಳಿದ. “ನೋಡಿ, ನೀವು ತಿರಸ್ಕರಿಸ್ತೀನಿ ಅಂದ್ರೆ ಕಾರಣ ಬರೀಬೇಕು. ಕಾರಣ ಬರೆದ್ರೆ ಖಾಲಿ ಚೀಟಿಗೆ ಸೈನ್ ಹಾಕಿದ್ದು ಬರೀಬೇಕು. ಮೇಲಿನೋರು ಕೇಳೋದು ನಿಮ್ಮನ್ನೇ. ಮತ್ತೆ ಟೆಂಡರ್ ಕರೆಯೋಕೆ ಮೂರು ತಿಂಗಳು. ಅಲ್ಲಿವರ್ಗೂ ಇವರಿಗೆಲ್ಲ ಬರಿಗೈ. ಪಾಪ ಯಾರಿಗೆ?” ಊಟ ಮುಗಿಸಿ ಬರುತ್ತೇವೆಂದು ಇಬ್ಬರೂ ಎದ್ದು ಹೋದರು. ಎಳನೀರು ಮೇಜಿನ ಮೇಲೆ ಉಳಿಯಿತು.

ನರಸಿಂಹಮೂರ್ತಿ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

“ನೀವೇ ಹೇಳಿ ಗಂಗುಲಮ್ಮ. ಬೇಡ ಅಂತ ಬರೆದ್ರೆ ಮೂರು ತಿಂಗಳು ಯಾರಿಗೂ ಏನೂ ಬರಲ್ಲ.”

ಗಂಗುಲಮ್ಮ ಪೆಟ್ಟಿಗೆಯಿಂದ ಹೊಸದೊಂದನ್ನು ಎತ್ತಿ ಎಳೆದು ನೋಡಿ ಬಿಸಾಕಿದಳು. “ಏಂದಮ್ಮಾ ಇದಿ, ಬಲೂನಾ?” ಎಂದು ತೆಲುಗಿನಲ್ಲಿ ಗೊಣಗಿ, ಕನ್ನಡಕ್ಕೆ ತಿರುಗಿದಳು. “ಕೇಳಿ ಮೇಡಮ್ಮಾ. ಬರಿಗೈಗೆ ಸೂಜಿ ಚುಚ್ಚಿದ್ರೆ ಗ್ಲೌಸ್ ಕೊಡ್ಲಿಲ್ಲ ಅಂತ ನಾವು ಇವರ ಮುಂದೆ ನಿಂತು ಕೇಳ್ಬೋದು. ಇದನ್ನ ಹಾಕ್ಕೊಂಡ್ ಚುಚ್ಚಿಸ್ಕೊಂಡ್ರೆ? ಕೊಟ್ಟಿದೀವಲ್ಲ, ಸೈನ್ ಹಾಕಿ ಇಸ್ಕೊಂಡಿದೀಯಲ್ಲ, ನೀನೇ ಸರಿಯಾಗಿ ಕೆಲ್ಸ ಮಾಡಿಲ್ಲ ಅಂತಾರೆ. ಅವರಿಗೆ ಬೇಕಿರೋದು ನಮ್ ಸೈನು ಅಷ್ಟೇ. ನಮಗ್ಯಾಕೆ ಇದು?”

ಷಮೀಮ್ ಬರೆದಳು. ಸ್ಟಾಕ್ ರಿಜಿಸ್ಟರಿನಲ್ಲಿ ಬಂದದ್ದು ನಾನೂರು ಜೊತೆ, ಒಪ್ಪಿದ್ದು ಸೊನ್ನೆ. ಕಡತದಲ್ಲಿ ನಾಲ್ಕು ಸಾಲು: ಚೀಲಗಳು ಐದಾದರೆ ತಾನು ಸಹಿ ಹಾಕಿದ ಖಾಲಿ ಚೀಟಿಗಳು ಎಂಟು, ಅದು ತನ್ನ ತಪ್ಪು, ಅವನ್ನು ಇಸಿದುಕೊಂಡವರು ಇಂಥವರು, ಈ ಚೀಲದಲ್ಲಿರುವುದು ತಾನು ಅಂದು ನೋಡಿದ ಮಾದರಿಯಲ್ಲ. ನಕಲನ್ನು ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಕಡತಕ್ಕೆ ಅಂಟಿಸಿದಳು. ಊಟ ಮುಗಿಸಿ ಬಂದ ನರಸಿಂಹಮೂರ್ತಿ ಅದನ್ನು ಎರಡು ಸಲ ಓದಿದ. ಎಳನೀರನ್ನು ಎತ್ತಿಕೊಂಡು ಹೋದ.

ಹನ್ನೆರಡನೆಯ ದಿನ ನೋಟಿಸು ಬಂತು, ಷಮೀಮಳೊಬ್ಬಳಿಗೇ. ಖಾಲಿ ಚೀಟಿಗೆ ಸಹಿ ಹಾಕಿ ಕರ್ತವ್ಯಲೋಪ ಎಸಗಿರುವುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು. ಒಂದೂವರೆ ಪುಟದಲ್ಲಿ ಗ್ಲೌಸು ಎಂಬ ಪದ ಒಂದು ಕಡೆಯೂ ಇರಲಿಲ್ಲ. ಪೆಟ್ಟಿಗೆಗಳು ಹಾಗೇ ಮೂಲೆಯಲ್ಲಿ ಬಿದ್ದಿದ್ದವು. ಬಿಲ್ಲು ಮಾತ್ರ ಮುಂದಕ್ಕೆ ಹೋಗಿರಲಿಲ್ಲ. ಆ ನಾಲ್ಕು ಸಾಲು ದಾಟಿ ಸಹಿ ಹಾಕುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಆ ಮಧ್ಯಾಹ್ನ ಗಂಗುಲಮ್ಮ ಬಾಗಿಲಲ್ಲಿ ನಿಂತಳು. “ಸಾಕ್ಷಿಗೆ ಅಂತ ಇಟ್ಕೊಂಡ್ರಲ್ಲ ಮೇಡಮ್ಮಾ, ನನ್ ಹಳೇ ಗ್ಲೌಸು, ಕೊಟ್ಬಿಡಿ. ನಾಳೆ ನಂಗೆ ಮಾರ್ಕೆಟ್ ಡ್ಯೂಟಿ.”

ಷಮೀಮ್ ಅದನ್ನು ಸ್ಕೇಲಿನ ಪಕ್ಕ ಇಟ್ಟು ಫೋನಿನಲ್ಲಿ ನಾಲ್ಕು ಫೋಟೊ ತೆಗೆದು ಕೊಟ್ಟು ಕಳಿಸಿದಳು. ಆಮೇಲೆ ಸಮಜಾಯಿಷಿ ಬರೆಯಲು ಕೂತಳು. ಹೌದು, ಖಾಲಿ ಚೀಟಿಗೆ ಸಹಿ ಹಾಕಿದ್ದೇನೆ, ಎಂದು ಶುರು ಮಾಡಿದಳು. ಹಾಕಿದ್ದು ಎಂಟಕ್ಕೆ. ಐದು ಅಂದೇ ಚೀಲಗಳಿಗೆ ಹೋದವು. ಒಂದು, ಬದಲಿಸಿದ ಚೀಲದ ಮೇಲಿದೆ. ನನ್ನ ಸಹಿ ಇರುವ ಇನ್ನೆರಡು ಚೀಟಿ ಈಗ ಯಾರ ಬಳಿ ಇವೆ ಎಂಬುದನ್ನು ದಯವಿಟ್ಟು ತಿಳಿಸಬೇಕು.