ಖಾಲಿ ಖಾನೆಯ ಹಸಿರು ಗುಂಡಿ

ಅಂಗಿ, ಕೋಟುಗಳ ಗುಂಡಿ ಮಾರುವ ಅತ್ತೆಯ ಅಂಗಡಿಯಲ್ಲಿ ಒಂದು ಗೋಡೆಯ ತುಂಬ ಸಣ್ಣ ಸಣ್ಣ ಮರದ ಖಾನೆಗಳು. ಒಳಗೆ ಯಾವ ಗುಂಡಿಯಿದೆಯೋ ಅಂಥದೇ ಒಂದನ್ನು ಖಾನೆಯ ಮುಖಕ್ಕೆ ಅಂಟಿಸಿರುತ್ತಾರೆ. ಸರಕು ತೀರಿದರೂ ಆ ಒಂದನ್ನು ಕೀಳುವುದಿಲ್ಲ. ಒಡಹುಟ್ಟಿದವರೆಲ್ಲ ಊರು ಸುತ್ತಲು ಹೋಗಿದ್ದಾರೆ, ಇದೊಂದು ಬಾಗಿಲು ಕಾಯುತ್ತಿದೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ಕತೆಯೊಳಗೇ ಬೆಳೆದ ನಾನು ಅಂಗಡಿಯನ್ನು ಆನ್‌ಲೈನಿಗೆ ಹಾಕುವಾಗ ಬಾಗಿಲು ಕಾಯುವ ಗುಂಡಿಗಳ ಫೋಟೋ ತೆಗೆದೆನೇ ಹೊರತು, ಒಂದು ಖಾನೆಯನ್ನೂ ಎಳೆದು ನೋಡಲಿಲ್ಲ.

ಗಿರಾಕಿಗಳು ಕಡಿಮೆಯಾಗಿದ್ದರು. "ಇದೂ ಕೈಕೊಟ್ರೆ ಪಕ್ಕದ ಮೊಬೈಲ್ ಕವರಿನವನಿಗೆ ಅಂಗಡಿ ಬಿಟ್ಕೊಡ್ತೀನಿ" ಎಂದಿದ್ದಳು ಅತ್ತೆ. ಅಂದಿನಿಂದ ಫೋನು ನನ್ನ ಕೈ ಬಿಟ್ಟಿರಲಿಲ್ಲ. ಅದು ಸುಮ್ಮನಿದ್ದರೂ ಸದ್ದು ಮಾಡಿದಂತಾಗಿ ಬೆಚ್ಚುತ್ತಿದ್ದೆ.

ಕೊನೆಗೂ ಮೊದಲ ಆರ್ಡರ್ ಬಂತು. ಬೇರೆ ಊರಿನ ದರ್ಜಿಯೊಬ್ಬರಿಗೆ ಹಸಿರು ಚಿಪ್ಪಿನ ಗುಂಡಿ ಬೇಕಿತ್ತು, ಒಂದು ವಾದ್ಯತಂಡದ ಕೋಟುಗಳಿಗೆಲ್ಲ. ಕುಣಿಯುತ್ತ ಹೋಗಿ ಖಾನೆ ಎಳೆದೆ. ಒಳಗೆ ಬರೀ ಧೂಳು.

"ಅದಾ? ನೀನು ಹುಟ್ಟೋಕೆ ಮುಂಚೆನೇ ಮುಗೀತು" ಎಂದಳು ಅತ್ತೆ.

"ಇಲ್ನೋಡು, ಇನ್ನೊಂದು ಹಸಿರು. ಹೆಚ್ಚೂಕಮ್ಮಿ ಅದೇ ಥರ ಇದೆ. ಕಳಿಸಿಬಿಡ್ಲಾ?"

"ಹೆಚ್ಚೂಕಮ್ಮಿ ನಿನ್ನ ಥರ ಇರೋಳನ್ನ ನಿಮ್ಮಮ್ಮನಿಗೆ ಕಳಿಸ್ಲಾ? ಫೋನ್ ಮಾಡಿ ಇಲ್ಲ ಅನ್ನು."

ಮಾಡಿದೆ. ದರ್ಜಿ ಕೇಳಿಸಿಕೊಂಡು, "ಏನಮ್ಮಾ, ನಿಮ್ದು ಗುಂಡಿ ಅಂಗಡಿನೋ, ಫೋಟೋ ಸ್ಟುಡಿಯೋನೋ?" ಎಂದರು. ಅತ್ತೆ ಫೋನು ಕಸಿದುಕೊಂಡಳು.

"ತಪ್ಪು ನಮ್ದೇ ಅಣ್ಣಾ. ಬಟ್ಟೆ ಯಾವ್ದು, ತೋರಿಸ್ತೀರಾ?"

ನಾನು ವಿಡಿಯೋ ಒತ್ತಿದೆ. ಅತ್ತೆ ಫೋನನ್ನು ಮತ್ತೆ ಕಿವಿಗೇ ಹಿಡಿದಳು.

"ಅಕ್ಕಾ, ನಿಮ್ಮ ಕಿವಿ ಕಾಣ್ತಿದೆ."

"ನೋಡ್ಕೊಳ್ಳಿ, ಅದಕ್ಕೇನು ಕಾಸಿಲ್ಲ" ಎಂದು ಅತ್ತೆ ಫೋನು ಮುಂದೆ ಹಿಡಿದಳು. "ಬೂದು ಬಟ್ಟೆ! ಅದಕ್ಕೆ ಹಸಿರು ಯಾಕೆ?"

"ಫೋಟೋದಲ್ಲಿ ಚೆನ್ನಾಗಿತ್ತು."

ಅತ್ತೆ ಬೂದು ಚೂರುಬಟ್ಟೆಯೊಂದನ್ನು ಹುಡುಕಿ, ಕಿಟಕಿಯ ಬೆಳಕಿನಲ್ಲಿ ಹಾಸಿ, ಒಂದೊಂದೇ ಗುಂಡಿ ಇಟ್ಟು ತೋರಿಸಿದಳು. ಕಪ್ಪು ಬೇಡವಾಯಿತು. ಬೆಳ್ಳಿ ಬಣ್ಣದ್ದು ಪೊಲೀಸರ ಗುಂಡಿಯಂತೆ ಕಾಣುತ್ತದೆ ಎಂದರು. ಕಂದು ಕೊಂಬಿನ ಗುಂಡಿ ಇಟ್ಟಾಗ ದರ್ಜಿ ಫೋನಿನ ಹತ್ತಿರಕ್ಕೆ ಬಾಗಿದರು.

"ಇದು ಎಷ್ಟಿದೆ?"

"ಖಾನೆ ತುಂಬ. ಎಳೆದು ತೋರಿಸ್ಲಾ?"

"ತೋರಿಸಿ. ಇವತ್ತು ನಾನು ಯಾರನ್ನೂ ನಂಬಲ್ಲ."

ನೋಡಿದರು. "ಹಳೇದು ರದ್ದು ಮಾಡಿ. ಇದಕ್ಕೆ ಹೊಸ ಆರ್ಡರ್ ಹಾಕ್ತೀನಿ" ಎಂದು ಫೋನಿಟ್ಟರು.

ರದ್ದು ಮಾಡಿದೆ. ಹೊಸದು ಬರಲಿಲ್ಲ. ಬಾಗಿಲಿಗೆ ಹೋದೆ, ಬಂದೆ, ಫೋನು ಆರಿಸಿ ಮತ್ತೆ ಹಚ್ಚಿದೆ. ಅವರು ಬೇರೆ ಅಂಗಡಿಯ ಫೋಟೋ ನೋಡುತ್ತಿರಬಹುದೆನಿಸಿತು.

"ಕೂತ್ಕೊಳ್ಳೇ, ನೆಲ ಸವೆದುಹೋಗುತ್ತೆ." ಅತ್ತೆ ಕಂದು ಗುಂಡಿಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದು, ದಾರ ಸುತ್ತತೊಡಗಿದ್ದಳು.

"ಆರ್ಡರ್ ಇನ್ನೂ ಬಂದಿಲ್ಲ ಅತ್ತೆ."

"ಬರದಿದ್ರೆ ಬಿಚ್ಚಿದ್ರಾಯ್ತು. ರದ್ದಾದ್ದರಲ್ಲಿ ವಿಳಾಸ ಇರುತ್ತಲ್ಲ, ಓದು."

ನಾನು ನಿಂತುಕೊಂಡೇ ಓದಿದೆ. ಅವಳು ನಿಧಾನವಾಗಿ ಪೊಟ್ಟಣದ ಮೇಲೆ ಬರೆದಳು.