ರಾಯರು ಬೊಟ್ಟು ಮಾಡಿದ್ದು ನನ್ನ ಕಡೆಗೆ

ನಾನೊಂದು ಹಿತ್ತಾಳೆಯ ತಂಬಿಗೆ. ಮುಚ್ಚಳ ತಿರುಗಿಸಿ ಬಿಗಿ ಮಾಡುವ ಜಾತಿಯದು. ನಮ್ಮ ಧಾರವಾಡದ ಕಡೆ ಫಿರಕಿ ತಂಬಿಗೆ ಎನ್ನುತ್ತಾರೆ. ಹುಬ್ಬಳ್ಳಿಯ ಕಂಚಗಾರನೊಬ್ಬನ ಸುತ್ತಿಗೆಯ ಕೆಳಗೆ ಹುಟ್ಟಿದೆ. ಹುಟ್ಟುವಾಗಲೇ ಅಷ್ಟು ಪೆಟ್ಟು ತಿಂದಮೇಲೆ ಸ್ವಭಾವ ಸ್ವಲ್ಪ ಸಿಡುಕಾದರೆ ನನ್ನ ತಪ್ಪೇನು? ಒಳಗೆ ಕಲಾಯಿ ಹಾಕಿ, ನೀರು ತುಂಬಿ, ತಲೆಕೆಳಗೆ ಹಿಡಿದು ನೋಡಿದ. ಒಂದು ಹನಿಯೂ ಜಾರಲಿಲ್ಲ.

ನನ್ನನ್ನು ಕೊಂಡವರು ಸೇತುರಾಯರು, ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ಮೊದಲ ಸಲ ಕಾಶಿಗೆ ಹೊರಟಾಗ ಕೊಂಡರು. ಆಮೇಲೆ ಬೇಸಿಗೆ ರಜೆ ಬಂತೆಂದರೆ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ದೇವರನ್ನು ನೋಡಲು ಹೋದವರು ಪ್ರಶ್ನೆ ಹೊತ್ತು ತರುತ್ತಿದ್ದರು. ಪ್ರಯಾಗದಲ್ಲಿ ಎರಡು ನದಿಗಳ ಬಣ್ಣ ಬೇರೆ ಬೇರೆ ಏಕೆಂದು ದೋಣಿಯವನನ್ನು ಕೇಳುತ್ತ ಕುಳಿತು ಸ್ನಾನದ ಮುಹೂರ್ತವನ್ನೇ ಬಿಟ್ಟರು. ಅಜ್ಮೀರದ ದರ್ಗಾದಲ್ಲಿ ಕೊಟ್ಟ ನೀರನ್ನೂ ಕಣ್ಣಿಗೊತ್ತಿಕೊಂಡು ಕುಡಿದರು. ಯಾವ ಊರಿನ ನೀರು ಸವಳು, ಯಾವುದು ಸಿಹಿ, ಅವರಿಗೆ ನಾಲಿಗೆಯ ತುದಿಯಲ್ಲಿತ್ತು.

ಮನೆಗೆ ಬಂದರೆ ನನಗೆ ಮೊಳೆಯೇ ಗತಿ. ಅವರ ಹೆಂಡತಿ ಅಂಬಕ್ಕನದು ಉಗ್ರ ಮಡಿ. ರೈಲು ಹತ್ತಿದ ತಂಬಿಗೆ ಮೈಲಿಗೆಯಂತೆ! ದೇಶವೆಲ್ಲ ಸುತ್ತಿದ ನನಗೆ ಅಡಿಗೆಮನೆಯ ಹೊಸಿಲು ದಾಟುವ ಯೋಗ್ಯತೆ ಇಲ್ಲ. ಪಡಸಾಲೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ ಜೋತುಬಿದ್ದೆ.

ರಾಯರು ಮನೆಯಲ್ಲಿ ಏಕಾದಶಿಗೆ ಹನಿ ನೀರೂ ಮುಟ್ಟದ ಮನುಷ್ಯ. ಪ್ರಯಾಣದಲ್ಲಿ ಮಾತ್ರ ಕಿಟಕಿಯ ಕಡೆ ತಿರುಗಿ ನನ್ನಿಂದ ಎರಡು ಗುಟುಕು ಕುಡಿಯುತ್ತಿದ್ದರು. ಬಾಯಾರಿದವನ ಮೇಲೆ ದೇವರು ಸಿಟ್ಟಾಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಇದು ಅಂಬಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೆ, ಬಾಯಿದ್ದೂ ಮಾತಿಲ್ಲದ ನನಗೆ.

ಎಂಬತ್ತೊಂದರ ವಯಸ್ಸಿಗೆ ರಾಯರಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು; ಬಲಗೈ ಅಷ್ಟಿಷ್ಟು ಆಡುತ್ತಿತ್ತು. ಪಡಸಾಲೆಯ ಮಂಚದ ಮೇಲೆ ಮಲಗಿಸಿ, ಮೊಮ್ಮಗಳು ಸುಮೇಧಾ ಚಮಚೆಯಿಂದ ಗಂಜಿ, ನೀರು ಕುಡಿಸುತ್ತಿದ್ದಳು. ಒಂದು ದಿನ ಬೆಳಿಗ್ಗೆ ರಾಯರು ಕೈ ಎತ್ತಿ ನನ್ನ ಕಡೆಗೆ ಬೊಟ್ಟು ಮಾಡಿದರು. ಅಂದು ಏಕಾದಶಿ.

ಸುಮೇಧಾ ಗೋಡೆ ನೋಡಿದಳು. ನಾನು ಕಾಣಲಿಲ್ಲ, ಕ್ಯಾಲೆಂಡರು ಕಂಡಿತು. ಅಜ್ಜಿಯನ್ನು ಕೂಗಿದಳು. ಅಂಬಕ್ಕನ ಕಣ್ಣು ತುಂಬಿ ಬಂತು.

“ಇಂಥಾದ್ರಾಗೂ ಅವರಿಗೆ ಏಕಾದಶಿ ನೆನಪದ ನೋಡು. ನೀರು ಹಾಕಬ್ಯಾಡ. ಅವರ ವ್ರತಾ ನಾವು ಮುರೀಬಾರದು.”

ಅಯ್ಯೋ, ಕಣ್ಣಿದ್ದೂ ಕುರುಡರೇ! ವ್ರತವಲ್ಲ, ನೀರು, ನೀರು! ರಾಯರು ಮತ್ತೆ ಕೈ ಎತ್ತಿದರು. ಸುಮೇಧಾ ಕ್ಯಾಲೆಂಡರು ತಂದು ಮುಖಕ್ಕೆ ಹಿಡಿದಳು. ಅವರು ಕಣ್ಣು ಮುಚ್ಚಿಕೊಂಡರು. ಒಪ್ಪಿಗೆಯಾಯಿತು ಎಂದುಕೊಂಡರು ಇಬ್ಬರೂ. ಮಧ್ಯಾಹ್ನದವರೆಗೆ ಆ ಕೈ ಆರು ಸಲ ಎದ್ದಿತು. ಕೆಳಗೆ ಬಿದ್ದು ಸದ್ದು ಮಾಡೋಣವೆಂದರೆ ಮೊಳೆ ಗಟ್ಟಿ. ಸಂಜೆ ರಾಯರು ಹೋದರು. ಕೊನೆಗೆ ಹಾಕಿದ ತುಳಸಿ ನೀರು ಕಟವಾಯಿಂದ ಹರಿದು ದಿಂಬು ತೋಯಿಸಿತು.

ಅಲ್ಲಿಂದ ಶುರುವಾಯಿತು ನೋಡಿ ಪುಣ್ಯಕಥೆ. ಏಕಾದಶಿ ಮರಣ! ಕಡೇ ಉಸಿರಿನವರೆಗೂ ನಿರ್ಜಲ! ಬಂದವರೆಲ್ಲ ಒಂದೊಂದು ಎಳೆ ಸೇರಿಸಿದರು. ನೀರಿನ ಚಮಚೆಯನ್ನು ರಾಯರೇ ತಳ್ಳಿದರು ಎಂದ ಯಾರೋ ಒಬ್ಬ ಪುಣ್ಯಾತ್ಮ. ಮಠದ ಆಚಾರ್ಯರು ಪ್ರವಚನದಲ್ಲೂ ಹೇಳಿದರು. ನದಿ ನದಿಯ ನೀರು ಕುಡಿದು ಕಣ್ಣರಳಿಸುತ್ತಿದ್ದ ನನ್ನ ರಾಯರನ್ನು ನೀರು ಕಂಡರಾಗದ ಮುನಿ ಮಾಡಿಬಿಟ್ಟರು.

ಒಂದು ಮಧ್ಯಾಹ್ನ ಅಂಬಕ್ಕ ದಣಿದು ಅದೇ ಮಂಚದ ಮೇಲೆ ಅಡ್ಡಾದಳು. ತಲೆ ಅದೇ ದಿಂಬಿನ ಜಾಗದಲ್ಲಿತ್ತು. ಹಗಲು ತೆರೆದಿಡುವ ಬಾಗಿಲ ಕದ ಅಲ್ಲಿಂದ ಕ್ಯಾಲೆಂಡರನ್ನು ಪೂರ್ತಿ ಮರೆಮಾಡುತ್ತದೆ. ಕಾಣುವುದು ನಾನೊಬ್ಬನೇ. ಆಕೆ ನನ್ನನ್ನೇ ನೋಡಿದಳು, ಬಹಳ ಹೊತ್ತು. ಎದ್ದು ಬಾಗಿಲು ಸರಿಸಿ, ಮತ್ತೆ ತೆರೆದು, ಮತ್ತೆ ಮಲಗಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮಾಸಿಕ ಶ್ರಾದ್ಧದ ದಿನ ಊಟಕ್ಕೆ ಕುಳಿತವರು ಮತ್ತೆ ಅದೇ ಕಥೆ ತೆಗೆದರು. ಅಂಬಕ್ಕ ಬಡಿಸುವ ಸೌಟು ಕೆಳಗಿಟ್ಟಳು.

“ಅವರು ನೀರು ಬೇಡಿದ್ರು. ನಾ ಕೊಡಲಿಲ್ಲ.”

ಪಂಕ್ತಿಯವರೆಲ್ಲ ಎಲೆಯಿಂದ ತಲೆ ಎತ್ತಿದರು. ಕೇಳಿದರಲ್ಲಾ ಒಬ್ಬರಾದರೂ, ಎಂದು ನಾನು ಉಸಿರು ಬಿಡುವಷ್ಟರಲ್ಲಿ ಆಚಾರ್ಯರು, ದುಃಖದಲ್ಲಿ ಹಾಗೆ ಅನ್ನಿಸುತ್ತದೆ, ಸಮಾಧಾನ ಮಾಡಿಕೊಳ್ಳಿ ಎಂದರು. ಯಾರೋ ಸಾರು ಕೇಳಿದರು. ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು.

ಈಗ ನನಗೆ ಮುಪ್ಪು. ಕಲಾಯಿ ಹೋಗಿದೆ, ಅಂಚು ನೆಗ್ಗಿದೆ. ಆದರೆ ಪ್ರತಿ ಏಕಾದಶಿಯ ಬೆಳಿಗ್ಗೆ ಅಂಬಕ್ಕ ನನ್ನನ್ನು ಅಡಿಗೆಮನೆಗೇ ಒಯ್ದು, ತನ್ನ ಮಡಿ ನೀರನ್ನು ಕಂಠಮಟ ತುಂಬಿ, ಖಾಲಿ ಮಂಚದ ಮೇಲೆ ತಂದಿಡುತ್ತಾಳೆ. ಮುಚ್ಚಳ ಹಾಕುವುದಿಲ್ಲ. ತಾನು ಹನಿ ಮುಟ್ಟುವುದಿಲ್ಲ. ಸಂಜೆಯವರೆಗೂ ಪಕ್ಕದಲ್ಲಿ ಕುಳಿತು, “ಕುಡೀರಿ” ಎನ್ನುತ್ತಾಳೆ.