ಯಾರೂ ಇಲ್ಲದ ಜಾಗ

ನನ್ನ ತಂಗಿ ಪುಟ್ಟಿ ಆರಡಿ ಎತ್ತರ. ಬಾಗಿಲಿಗೆ ತಲೆ ಹೊಡೆಸಿಕೊಳ್ಳದೆ ನಮ್ಮ ಮನೆಯೊಳಗೆ ಬಂದವಳಲ್ಲ. ಇಂಥವಳು ಅಗ್ನಿಶಾಮಕ ದಳ ಸೇರಿ, ಉರಿಯುವ ಕಟ್ಟಡಗಳಿಗೆ ನುಗ್ಗುತ್ತಾಳೆ. ನಾನು ತಣ್ಣನೆಯ ಕೋಣೆಯಲ್ಲಿ ಕೂತು, ಅವಳ ಭುಜದ ವಾಕಿಟಾಕಿಗೆ ಮಾತು ತಲುಪುವ ಏರ್ಪಾಡು ಮಾಡುತ್ತೇನೆ. "ನೀನು ಗಾಳಿ ಮಾರೋಳು ಕಣೇ ಅಕ್ಕಾ" ಎಂದು ಅವಳು ಚುಡಾಯಿಸುತ್ತಾಳೆ. ಗಾಳಿ ಮಾರುವುದು ಎಷ್ಟು ಕಷ್ಟ ಎಂದು ಅವಳಿಗೆ ತಿಳಿಹೇಳಿ ನನ್ನ ಬಾಯಿ ನೋಯುತ್ತದೆ.

ಆ ವಾರ ನಮ್ಮ ಹೊಸ ವ್ಯವಸ್ಥೆ ಶುರುವಾಗಿತ್ತು. ಗುಡ್ಡದ ಮೇಲೊಂದು ಟವರ್, ನೀರಿನ ಟ್ಯಾಂಕಿನ ಮೇಲೊಂದು, ಆಸ್ಪತ್ರೆಯ ತಾರಸಿಯ ಮೇಲೊಂದು. ಕಂಟ್ರೋಲ್ ರೂಮಿನ ಮಾತನ್ನು ಮೂರೂ ಒಂದೇ ತರಂಗದಲ್ಲಿ, ಒಂದೇ ಕ್ಷಣದಲ್ಲಿ ಹೊರಗೆ ಹಾಕುತ್ತವೆ. ಪೊಲೀಸರು, ಆಂಬುಲೆನ್ಸಿನವರು, ಬೆಂಕಿ ಆರಿಸುವವರು ಊರಿನ ಯಾವ ಮೂಲೆಗೆ ಹೋದರೂ ಚಾನೆಲ್ ಬದಲಿಸುವ ಗೋಜಿಲ್ಲ. ಆದರೆ ಎರಡು ಟವರುಗಳು ಸರಿಸಮ ಜೋರಾಗಿ ಕೇಳುವ ಕಡೆ, ಒಂದರ ಮಾತು ಕೂದಲೆಳೆಯಷ್ಟು ತಡವಾದರೂ ಕೆಟ್ಟಿತು. ಇಬ್ಬರು ಸೋದರತ್ತೆಯರು ಒಂದೇ ಸುದ್ದಿಯನ್ನು ಒಟ್ಟಿಗೆ ಹೇಳಲು ಹೊರಟ ಹಾಗೆ. ಒಂದಕ್ಷರ ತಿಳಿಯುವುದಿಲ್ಲ.

ಈ ಕಲಸುಮೇಲೋಗರವನ್ನು ಪೂರ್ತಿ ಅಳಿಸಲಾಗದು. ಒಂದು ಟವರಿನ ಸಮಯವನ್ನು ಸೆಕೆಂಡಿನ ಲಕ್ಷದ ಒಂದು ಪಾಲಿನಷ್ಟು ಹಿಂದೆಮುಂದೆ ಮಾಡಿ, ಬೇರೆ ಕಡೆಗೆ ತಳ್ಳಬಹುದು, ಅಷ್ಟೆ. ಎಲ್ಲಿಗೆ ತಳ್ಳುತ್ತೇವೆ ಎನ್ನುವುದರಲ್ಲೇ ನಮ್ಮ ಕಸುಬಿನ ಜಾಣತನ. ಕೆಲವರು ಕೆರೆಗೆ ತಳ್ಳುತ್ತಾರೆ. ನಾನು ಮುಚ್ಚಿಹೋದ ಕಾಗದದ ಮಿಲ್ಲಿಗೆ ತಳ್ಳಿದ್ದೆ. ನಕ್ಷೆಯಲ್ಲಿ ಅದಕ್ಕೆ ಬೂದು ಬಣ್ಣ, ಅಂದರೆ ಜನವಸತಿ ಇಲ್ಲ. ಬೂದು ಬಣ್ಣವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಾಹೇಬರು ಬೆನ್ನು ತಟ್ಟಿದ್ದರು, ನಾನೂ ಬೀಗಿದ್ದೆ.

ಮಧ್ಯಾಹ್ನ ಕಂಟ್ರೋಲ್ ರೂಮಿನ ಮೂಲೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಆಪರೇಟರ್ ಹೆಂಗಸನ್ನು ನಾವೆಲ್ಲ ಗಂಟೆ ಎಂದು ಕರೆಯುತ್ತೇವೆ, ಅವಳ ಕಂಠ ಅಂಥದ್ದು. ಅವಳು ಫೋನ್ ಇಟ್ಟು ಹೇಳಿದಳು: "ಹಳೇ ಪೇಪರ್ ಮಿಲ್ಲಿಗೆ ಬೆಂಕಿ ಬಿದ್ದಿದೆ. ಒಳಗೆ ಯಾರೋ ಮುದುಕ ಮಲಗ್ತಾನಂತೆ."

ಆ ಭಾಗಕ್ಕೆ ಹೋಗುವುದು ಪುಟ್ಟಿಯ ಲಾರಿ.

ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಅವಳ ದನಿ ಬಂತು. "ಕಂಟ್ರೋಲ್, ನಾವಿಬ್ರು ಒಳಗೆ ಹೋಗ್ತಿದ್ದೀವಿ. ಕೆಮ್ಮು ಕೇಳಿಸ್ತಿದೆ." ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಅವಳಿಂದ ನಮ್ಮ ಕಡೆಗೆ ತೊಂದರೆಯೇ ಇಲ್ಲ. ಮೂರು ಟವರುಗಳಲ್ಲಿ ಯಾವುದಕ್ಕೆ ಚೆನ್ನಾಗಿ ಕೇಳುತ್ತದೋ ಅದನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. ಒಡೆಯುವುದು ನಾವು ಆಡುವ ಮಾತು ಮಾತ್ರ.

ಹೊರಗೆ ನಿಂತಿದ್ದ ಅವಳ ಮೇಲಧಿಕಾರಿ ಮೊಬೈಲಿನಲ್ಲಿ ಕೂಗಿದರು: "ಚಾವಣಿ ಬಾಗ್ತಿದೆ! ವಾಪಸ್ ಕರೀರಿ, ನನ್ನ ಸೆಟ್ಟಲ್ಲಿ ಬರೀ ಗೊರಗೊರ!"

"ಹೊರಗೆ ಬನ್ನಿ, ಇಬ್ಬರೂ ಹೊರಗೆ ಬನ್ನಿ" ಎಂದಳು ಗಂಟೆ.

"ಏನೂ ತಿಳೀತಿಲ್ಲ ಕಂಟ್ರೋಲ್. ಮುಂದೆ ಹೋಗ್ತೀವಿ."

ಗಂಟೆ ಮತ್ತೆ ಮತ್ತೆ ಹೇಳಿದಳು. ಪುಟ್ಟಿ ಮತ್ತೆ ಮತ್ತೆ ಅದನ್ನೇ ಅಂದಳು. ಅವಳ ಏದುಸಿರು ನನ್ನ ಕಿವಿಗೆ ಬೀಳುತ್ತಿತ್ತು, ನಮ್ಮದು ಅವಳಿಗೆ ಬೀಳುತ್ತಿರಲಿಲ್ಲ. ಡಬ್ಬಿ ಉರುಳಿದ್ದೂ ಗೊತ್ತಾಗದೆ ಕಂಪ್ಯೂಟರಿನ ಮುಂದೆ ಹೋಗಿ ಕೂತೆ.

"ಏನ್ ಮಾಡ್ತಿದ್ದೀಯ?" ಎಂದರು ಸಾಹೇಬರು.

"ಗುಡ್ಡದ ಟವರಿನ ಸಮಯ ಬದಲಾಯಿಸ್ತೀನಿ. ಮಿಲ್ಲಲ್ಲಿ ಮಾತು ಸರಿಹೋಗುತ್ತೆ."

"ಆಗ ಕೆಡೋದು ಎಲ್ಲಿ?"

"ಸೇತುವೆ ಮೇಲೆ."

"ಸೇತುವೆ ಮೇಲೆ ಜನ ಓಡಾಡ್ತಾರಮ್ಮಾ!"

"ಮಿಲ್ಲೊಳಗೆ ನನ್ನ ತಂಗಿ ಇದ್ದಾಳೆ ಸಾರ್!"

ಮೊದಲ ಸಲ ಅಂಕಿ ತಪ್ಪಿತು. ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದೆ. ಗಂಟೆ ರೇಡಿಯೋ ಶಿಸ್ತನ್ನೆಲ್ಲ ಗಾಳಿಗೆ ತೂರಿ ಕಿರುಚಿದಳು: "ಪುಟ್ಟೀ, ಹೊರಗೆ ಬಾರೇ!"

ನಾನು ಸ್ಪೀಕರಿನ ಕಡೆ ವಾಲಿದೆ.

"ಕೇಳ್ತು" ಎಂದಳು ಪುಟ್ಟಿ. "ಮುದುಕ ಸಿಕ್ಕಿದಾನೆ, ಎತ್ಕೊಂಡಿದ್ದೀವಿ. ಹೊಗೆ ಜಾಸ್ತಿ, ಬಾಗಿಲು ಕಾಣ್ತಿಲ್ಲ. ದಾರಿ ಹೇಳಿ."

ಹೊರಗಿದ್ದ ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದನ್ನು ಗಂಟೆ ರೇಡಿಯೋದಲ್ಲಿ ಒಪ್ಪಿಸತೊಡಗಿದಳು. ಎಡಗೋಡೆ ಹಿಡ್ಕೊಳ್ಳಿ. ಯಂತ್ರ ದಾಟಿ. ಅಲ್ಲಿ ತಿರುಗಬೇಡಿ, ನೇರ ಬನ್ನಿ.

ಆಗಲೇ, ಆಂಬುಲೆನ್ಸಿನ ಚಾನೆಲ್ ನೋಡಿಕೊಳ್ಳುವ ಪಕ್ಕದ ಮೇಜಿನ ಸ್ಪೀಕರಿನಲ್ಲಿ ಇನ್ನೊಂದು ದನಿ ಕೇಳಿಸಿತು. ಆಂಬುಲೆನ್ಸಿನ ನರ್ಸ್. "ಕಂಟ್ರೋಲ್, ಸೇತುವೆ ಮೇಲೆ ಟ್ರಾಫಿಕ್ಕಲ್ಲಿ ಸಿಕ್ಕೊಂಡಿದ್ದೀವಿ. ರೋಗಿಗೆ ಉಸಿರು ಕಟ್ತಿದೆ. ಯಾವ ಇಂಜೆಕ್ಷನ್ ಕೊಡಬೇಕಂತೆ, ಡಾಕ್ಟರ್ ಏನಂದ್ರು? ನಿಮ್ಮ ಮಾತು ಒಡೀತಿದೆ."

ಆ ಮೇಜಿನ ಹುಡುಗಿ ಡಾಕ್ಟರ ಮಾತನ್ನು ಮೂರು ಸಲ ಹೇಳಿದಳು. ನರ್ಸಿನ ಮೊಬೈಲಿಗೆ ಫೋನ್ ಮಾಡಿದಳು. ಅದು ಬಡಿದುಕೊಳ್ಳುತ್ತಲೇ ಇತ್ತು, ಪಾಪ, ಎತ್ತಲು ನರ್ಸಿಗೆ ಕೈ ಬಿಡುವಿರಲಿಲ್ಲ.

"ಹಳೇ ಅಂಕಿ ಹಿಂದಕ್ಕೆ ಹಾಕು" ಎಂದರು ಸಾಹೇಬರು. ಅವರ ದನಿ ಏರಲೇ ಇಲ್ಲ, ಅದಕ್ಕೇ ನನಗೆ ಇನ್ನೂ ಭಯವಾಯಿತು.

"ಅವಳು ಇನ್ನೂ ಒಳಗಿದ್ದಾಳೆ."

"ಹಿಂದಕ್ಕೆ ಹಾಕಮ್ಮಾ."

ನಾನು ಕೀಲಿಮಣೆಯ ಮೇಲೆ ಎರಡೂ ಕೈ ಕವುಚಿ ಹಿಡಿದೆ. ಸಾಹೇಬರು ನನ್ನ ಕೈ ಎಳೆಯಬಹುದಿತ್ತು, ಎಳೆಯಲಿಲ್ಲ. ಈ ಕಿವಿಗೆ ಪುಟ್ಟಿಯ ಕೆಮ್ಮು, ಆ ಕಿವಿಗೆ ನರ್ಸಿನ ಗೋಗರೆತ. "ಇನ್ನೊಂದ್ಸಲ ಹೇಳಿ ಕಂಟ್ರೋಲ್. ದಯವಿಟ್ಟು ಇನ್ನೊಂದ್ಸಲ." ನಾನು ಕೇಳಿಸಿಕೊಂಡೆ. ಒಂದೊಂದು ಮಾತನ್ನೂ ಕೇಳಿಸಿಕೊಂಡೆ, ಕೈ ತೆಗೆಯಲಿಲ್ಲ.

ದಡಾರನೆ ಏನೋ ಕುಸಿಯಿತು. ಆಮೇಲೆ ಪುಟ್ಟಿಯ ದನಿ: "ಮೂವರೂ ಹೊರಗಿದ್ದೀವಿ. ಚಾವಣಿ ಬಿತ್ತು." ಉಸಿರು ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಅಕ್ಕಾ, ಅಲ್ಲಿದ್ದೀಯೇನೇ? ನಿನ್ನ ಗಾಳಿ ಕೆಲಸ ಮಾಡ್ತು ಕಣೇ" ಅಂದಳು.

ನಾನು ಆಗಲೇ ಹಳೆಯ ಅಂಕಿ ಒತ್ತುತ್ತಿದ್ದೆ. ಈ ಬಾರಿ ಅಂಕಿ ತಪ್ಪಲಿಲ್ಲ, ಒಂದೇ ಸಲಕ್ಕೆ ಸರಿಹೋಯಿತು. ಆ ಮೇಜಿನ ಹುಡುಗಿ ಡಾಕ್ಟರು ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದಳು. ಸೇತುವೆಯಿಂದ ಉತ್ತರವಿಲ್ಲ. ಕೋಣೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ.

ಕೊನೆಗೆ ನರ್ಸ್ ಮಾತಾಡಿದಳು. ಗೋಗರೆತ ನಿಂತಿತ್ತು.

"ಈಗ ಚೆನ್ನಾಗಿ ಕೇಳಿಸ್ತಿದೆ, ಕಂಟ್ರೋಲ್" ಎಂದಳು. "ಇನ್ನು ಅವಸರ ಇಲ್ಲ."